ಬೀಳುವುದಕ್ಕೊಂದು ಮನೆ

ನಾನು ಸೊಸೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಒಂದು ಮೊಳೆ ಕೂಡ ಜಾಗ ಬಿಟ್ಟು ಕದಲಿರಲಿಲ್ಲ. ನೀಲಗಂಗವ್ವ ಜಂಬಕ್ಕೆ ಹೇಳುತ್ತಾಳೆ ಅಂದುಕೊಂಡರೆ ಅಂದುಕೊಳ್ಳಿ, ನಾನು ಹೇಳುತ್ತಿರುವುದು ಜಂಬಕ್ಕೇ. ನಮ್ಮೂರಿನಲ್ಲಿ ಮನೆಯನ್ನು ಹಾಗೆ ಕಾಪಾಡಿಕೊಂಡು ಬರುವುದು ಸಣ್ಣ ಮಾತಲ್ಲ. ಇಲ್ಲಿ ಕಂಪ್ಯೂಟರಿಗೆ ಏನಾಗುತ್ತದೋ ಅದನ್ನು ಇಟ್ಟ ಮನೆಗೂ ಅದೇ ಆಗುತ್ತದೆ. ಕಂಪ್ಯೂಟರ್ ಹ್ಯಾಂಗ್ ಆದರೆ ಬಾಗಿಲು ತೆರೆಯುವುದಿಲ್ಲ, ಒಲೆಯ ಮೇಲಿನ ಹಾಲು ಉಕ್ಕುವುದೂ ಇಲ್ಲ, ಆರುವುದೂ ಇಲ್ಲ. ವೈರಸ್ ಹೊಕ್ಕರೆ ಜಂತಿಗೆ ಗೆದ್ದಲು. ತಿಳಿಯದೆ ಏನಾದರೂ ಅಳಿಸಿದಿರೋ, ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಮಾಯ. ಹಿಂದಿನ ಓಣಿಯ ಒಬ್ಬರ ಮನೆಯಲ್ಲಿ ಅಪ್‌ಡೇಟ್ ಅರ್ಧಕ್ಕೆ ನಿಂತುಹೋಗಿ, ಇವತ್ತಿಗೂ ಅವರು ಮಹಡಿಗೆ ಏಣಿ ಹಾಕಿಕೊಂಡೇ ಹತ್ತುತ್ತಾರೆ. ಹೋದ ಮೆಟ್ಟಿಲು ವಾಪಸ್ ಬರಲೇ ಇಲ್ಲ.

ಹಾಗಂತ ಕಂಪ್ಯೂಟರ್ ಇಲ್ಲದೆ ನಡೆಯುತ್ತದೆಯೇ? ಕರೆಂಟ್ ಬಿಲ್ಲು, ರೇಷನ್ನು, ಪಿಂಚಣಿ ಎಲ್ಲ ಅದರಲ್ಲೇ. ಅದಕ್ಕೇ ನಮ್ಮಲ್ಲಿ ಎಲ್ಲರೂ ಕೈಕಾಲು ತೊಳೆದುಕೊಂಡು ಅದರ ಮುಂದೆ ಕೂರುತ್ತಾರೆ, ಗೊತ್ತಿರುವ ಗುಂಡಿ ಒತ್ತುತ್ತಾರೆ, ಎದ್ದು ಬರುತ್ತಾರೆ. ಅಪ್‌ಡೇಟಿನ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಾರೆ. ಯಾರದಾದರೂ ಕಂಪ್ಯೂಟರಿನಿಂದ ಪಕ್ಕದ ಮನೆಗೆ ಧಕ್ಕೆಯಾದರೆ ಓಣಿಯ ಹಿರಿಯರು ಬಂದು ಅದಕ್ಕೆ ಕೆಂಪು ವಸ್ತ್ರ ಕಟ್ಟುತ್ತಾರೆ. ಒಮ್ಮೆ ಕಟ್ಟಿದ ವಸ್ತ್ರವನ್ನು ಆ ಮನೆಯವರು ಬಿಚ್ಚುವ ಹಾಗಿಲ್ಲ, ಆ ಕಂಪ್ಯೂಟರನ್ನು ಮತ್ತೆ ಮುಟ್ಟುವ ಹಾಗೂ ಇಲ್ಲ. ನಮ್ಮ ಕಂಪ್ಯೂಟರಿನ ಹತ್ತಿರ ಕೆಂಪು ಬಣ್ಣದ ಒರೆಸುವ ಬಟ್ಟೆಯನ್ನೂ ನಾನು ಇಟ್ಟವಳಲ್ಲ.

ಇಂಥ ಮನೆಗೆ ಶಿವಲೀಲಾ ಸೊಸೆಯಾಗಿ ಬಂದಳು. ಬೇರೆ ಊರಿನವಳು. ಅವಳ ತವರಿನಲ್ಲಿ ಕಂಪ್ಯೂಟರ್ ಅಂದರೆ ಬರೀ ಕಂಪ್ಯೂಟರಂತೆ, ಅದು ಕೆಟ್ಟರೆ ಅದೊಂದೇ ಕೆಡುತ್ತದಂತೆ. ಪ್ರೋಗ್ರಾಂ ಬರೆಯುವುದನ್ನು ತಾನಾಗಿಯೇ ಕಲಿತಿದ್ದಳು, ಇನ್ನೂ ಕಲಿಯುತ್ತಿದ್ದಳು. ನಮ್ಮ ಹಳೆಯ ಕಂಪ್ಯೂಟರ್ ತೆಗೆದು ತಾನು ತಂದಿದ್ದ, ಲಿನಕ್ಸ್ ಅನ್ನುವ ವ್ಯವಸ್ಥೆ ಹಾಕಿದ ಕಂಪ್ಯೂಟರನ್ನು ಅಲ್ಲಿಟ್ಟಳು. ಇಟ್ಟದ್ದೇ ಇಟ್ಟದ್ದು, ಒಂದು ಬೆಳಿಗ್ಗೆ ನಾನು ಸ್ನಾನಕ್ಕೆ ಹೋದರೆ ದೇವರ ಜಗಲಿ ಬಚ್ಚಲಿನಲ್ಲಿ ಕೂತಿದೆ!

"ಏನ್ ಮಾಡೀದಿ ಯವ್ವಾ?" ಅಂತ ಕೂಗಿದೆ.

ಅವಳು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಬಂದಳು. "ಒಂದ್ ಸಣ್ಣ ಪ್ರೋಗ್ರಾಂ ಬರದಿದ್ನಿರಿ ಅತ್ತೀ. ತಪ್ಪಾತು."

"ತಪ್ಪಾತು ಅಂದ್ರ? ಈ ಮನ್ಯಾಗ ತಪ್ಪು ಆಗಂಗಿಲ್ಲ, ತಿಳೀತಿಲ್ಲೊ?"

"ತಪ್ಪು ಮಾಡಲಾರದ ಕಲಿಯೂದು ಹೆಂಗರಿ?"

"ನಾ ಕಲ್ತಿಲ್ಲೇನು?" ಅಂದೆ. ಅಂದುಬಿಟ್ಟೆನೇ ಹೊರತು, ನಾನು ಕಲಿತ ರೀತಿ ನನಗೇ ಗೊತ್ತು. ಮೊದಲ ಸಲ ರೊಟ್ಟಿ ಬಡಿಯುವಾಗ ಹರಿದುಹೋದದ್ದಕ್ಕೆ ನನ್ನ ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದರು. ಆಮೇಲೆ ನನ್ನ ಕೈಯಲ್ಲಿ ರೊಟ್ಟಿ ಹರಿಯಲಿಲ್ಲ, ನಿಜ. ಹೊಸದೊಂದು ಅಡುಗೆಯನ್ನು ಮಾಡಿ ನೋಡುವ ಧೈರ್ಯವೂ ಆಗಲಿಲ್ಲ. ಜಗಲಿಯನ್ನು ಅವಳು ಹೇಗೋ ವಾಪಸ್ ತಂದಳು. ನಾನು ಅವಳ ಜೊತೆ ಮಾತು ಬಿಡಲಿಲ್ಲ, ಆದರೆ ದಿನವಿಡೀ ಪಾತ್ರೆಗಳನ್ನು ಜೋರಾಗಿ ಇಟ್ಟೆ.

ಹುಡುಗಿಯ ತಲೆಯಲ್ಲಿ ಇದ್ದದ್ದು ನೀರು. ಇದನ್ನು ಹೇಳಲೇಬೇಕು. ನಮ್ಮೂರಿಗೆ ನೀರು ಬಿಡುವುದು ಗುಡ್ಡದ ಮೇಲಿನ ಟಾಕಿಯ ಕಂಪ್ಯೂಟರ್. ಅದರ ಪ್ರೋಗ್ರಾಂ ಬರೆದವನು ಯಾರೋ, ಬರೆದದ್ದು ಯಾವ ಕಾಲಕ್ಕೋ. ಅದು ಮನಸ್ಸು ಬಂದಾಗ ನೀರು ಬಿಡುತ್ತದೆ, ಮುನಿಸು ಬಂದಾಗ ನಿಲ್ಲಿಸುತ್ತದೆ. ಸರಿಮಾಡಲು ಹೋಗಿ ಹೆಚ್ಚುಕಮ್ಮಿಯಾದರೆ ಟಾಕಿಯೇ ಬಿರಿದೀತು ಅಂತ ಅದನ್ನು ಮುಟ್ಟಿದವರಿಲ್ಲ. ಹಾಗಾಗಿ ಈ ಊರಿನ ಹೆಂಗಸರು ನಲ್ಲಿ ಬಿಟ್ಟು ಎಲ್ಲಿಗೂ ಹೋದವರಲ್ಲ. ನನ್ನ ಒಡಹುಟ್ಟಿದ ತಂಗಿಯ ಮಗಳ ಮದುವೆಯಲ್ಲಿ ಎಲ್ಲರೂ ಅಕ್ಕಿಕಾಳು ಹಾಕುವಾಗ ನಾನು ಇಲ್ಲಿ ಖಾಲಿ ಕೊಡ ಇಟ್ಟುಕೊಂಡು ಕೂತಿದ್ದೆ. ಅವತ್ತು ನೀರು ಬರಲೂ ಇಲ್ಲ. ಇದನ್ನು ಯಾವಾಗಲೋ ಸಿಟ್ಟಿನಲ್ಲಿ ಶಿವಲೀಲಾಳ ಮುಂದೆ ಹೇಳಿದ್ದೆ. ಅವಳು ಗುಡ್ಡದ ಕಡೆ ನೋಡಿದಳು. ಹೊಸ ಪ್ರೋಗ್ರಾಂ ಬರೆಯಬೇಕು ಅಂತ ಅವಳಿಗೆ ಅನ್ನಿಸಿದ್ದು ಆವಾಗಲೇ ಅಂತ ಕಾಣುತ್ತದೆ.

ಟಾಕಿಯ ಕೀಲಿ ಇದ್ದದ್ದು ಪಕ್ಕದ ಮನೆಯ ಚೆನ್ನಮಲ್ಲಪ್ಪನವರ ಹತ್ತಿರ. ಓಣಿಯ ಹಿರಿಯರು ಅವರೇ, ಕೆಂಪು ವಸ್ತ್ರ ಇಟ್ಟುಕೊಂಡವರೂ ಅವರೇ. ಅವರಿಗೂ ನಮಗೂ ಒಂದೇ ಗೋಡೆ. ಒಳ್ಳೆಯ ಮನುಷ್ಯ, ಆದರೆ ಸಕ್ಕರೆ ಕಾಯಿಲೆ ಬಂದು ಸಿಹಿ ಬಿಟ್ಟಮೇಲೆ ಮಾತಿನಲ್ಲೂ ಸಿಹಿ ಉಳಿದಿರಲಿಲ್ಲ. ಜಗಲಿಯ ಸುದ್ದಿ ಕೇಳಿ ಕಟ್ಟೆಗೆ ಬಂದು ನಿಂತರು. "ನೀಲಗಂಗವ್ವಾ, ಸೊಸಿಗಿ ನಾಕ್ ಮಾತು ಹೇಳು. ನಮ್ಮ ಗ್ವಾಡಿಗಿ ಏನರ ಆತಂದ್ರ ನಾ ಮಾರಿ ನೋಡಾಂವಲ್ಲ."

ಆಗ ಶಿವಲೀಲಾ ಕಂಟೇನರ್ ಅನ್ನುವುದನ್ನು ಮಾಡಿದಳು. ಮಧ್ಯಾಹ್ನ ಊಟ ಮಾಡಿ ಎದ್ದರೆ ಪಡಸಾಲೆಯ ಮೂಲೆಯಲ್ಲಿ ಪುಟ್ಟದೊಂದು ಖೋಲಿ ಹುಟ್ಟಿಕೊಂಡಿದೆ. ನಾಲ್ಕು ಗೋಡೆ, ಒಂದು ಬಾಗಿಲು, ಒಳಗೆ ಒಬ್ಬರು ಕೂರುವಷ್ಟು ಜಾಗ. ಅದರಲ್ಲಿ ಮಾಡಿದ ತಪ್ಪು ಅದರಲ್ಲೇ ಇರುತ್ತದೆ, ಬೇಡವಾದರೆ ಖೋಲಿಯನ್ನೇ ಅಳಿಸಿ ಹೊಸದು ಮಾಡಿಕೊಳ್ಳಬಹುದು ಅಂದಳು. ನನಗೆ ನಂಬಿಕೆ ಬರಲಿಲ್ಲ. ಅವಳು ಬೇಕಂತಲೇ ಏನೋ ತಪ್ಪು ಮಾಡಿ ತೋರಿಸಿದಳು. ಖೋಲಿಯ ಒಳಗೆ ಸುಣ್ಣ ಉದುರಿತು, ನೆಲ ಬಾಯಿಬಿಟ್ಟಿತು. ನಮ್ಮ ಪಡಸಾಲೆಯ ರಂಗೋಲಿ ಮಾತ್ರ ಹಾಗೇ ಇತ್ತು. ಕ್ಷಣದಲ್ಲಿ ಹಳೆಯದು ಹೋಗಿ ಹೊಸ ಖೋಲಿ ಬಂತು. "ಅಬ್ಬಾ ಹುಡುಗಿ!" ಅಂದೆ. ಅಂದದ್ದು ಅವಳಿಗೆ ಕೇಳಿಸಬಾರದಿತ್ತು, ಕೇಳಿಸಿತು.

ಆ ಖೋಲಿಯಲ್ಲಿ ಕೂತು ಅವಳು ಏನೇನೋ ಬರೆದಳು, ಕೆಡಿಸಿದಳು, ಮತ್ತೆ ಬರೆದಳು. ಎಲ್ಲ ಚೆನ್ನಾಗಿಯೇ ನಡೆದಿತ್ತು, ಟಾಕಿಯ ಪ್ರೋಗ್ರಾಂ ಹಾಕಿ ನೋಡುವವರೆಗೆ. ಅದು ಕೊಳವೆಯ ವಾಲ್ವಿನ ಗಾಲಿಯನ್ನೇ ಕೈಯಿಂದ ಹಿಡಿದು ತಿರುಗಿಸುವ ಪ್ರೋಗ್ರಾಂ. ಖೋಲಿಯ ಗೋಡೆ ದಾಟಿ ಕೆಳಗಿನ ಬುನಾದಿಯವರೆಗೆ ಅದರ ಕೈ ಹೋಗಬೇಕು. ಕಂಟೇನರಿಗೆ ಗೋಡೆ ತನ್ನದು, ಬುನಾದಿ ಮನೆಯದೇ. ಬುನಾದಿಗೆ ಅವಳ ಭಾಷೆಯಲ್ಲಿ ಕರ್ನೆಲ್ ಅನ್ನುತ್ತಾರೆ. ಅದಕ್ಕೆ ಕೈ ಹಾಕಿದ್ದೇ ತಡ, ನಮ್ಮ ಮನೆಯ ನೆಲದಿಂದಲೇ ನೀರು ಬುಳುಬುಳು ಎದ್ದಿತು. ಜೋಳದ ಚೀಲ ತೇಲಿತು. ಗೋಡೆಯ ಆಚೆ ಚೆನ್ನಮಲ್ಲಪ್ಪನವರು ಪೂಜೆಗೆ ಕೂತಿದ್ದರಂತೆ, ಕೂತ ಮಣೆ ಸಮೇತ ಅಡುಗೆಮನೆಗೆ ತೇಲಿಕೊಂಡು ಹೋದರಂತೆ.

ಒದ್ದೆ ಧೋತರದಲ್ಲೇ ಬಂದರು. ಕೈಯಲ್ಲಿ ಕೆಂಪು ವಸ್ತ್ರ. ನನ್ನ ಮಗ ಪ್ರಭು ಗೋದಾಮಿನಲ್ಲಿ ಚೀಲ ತೂಗಿಸುವ ಕೆಲಸದವನು, ಅಷ್ಟೊತ್ತಿಗೆ ಮನೆಗೆ ಬಂದಿದ್ದ, ತಲೆ ತಗ್ಗಿಸಿ ನೀರು ಬಳಿಯುತ್ತಿದ್ದ. ಶಿವಲೀಲಾ ಕಂಪ್ಯೂಟರಿನ ಪಕ್ಕ ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನಾನು ಬಹುಶಃ ಸುಮ್ಮನಿದ್ದುಬಿಡುತ್ತಿದ್ದೆ. ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ನಿಂತಿದ್ದಳು. ರೊಟ್ಟಿ ಹರಿದ ದಿನ ನಾನು ಹಾಗೇ ನಿಂತಿದ್ದೆ. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಅವಳ ಮೇಲಲ್ಲ.

"ಅಣ್ಣಾರ, ಆ ಕೆಂಪು ಅರಿವಿ ಮಡಚಿ ಇಡ್ರಿ," ಅಂದೆ.

"ಏನಂದಿ?"

"ಇನ್ನೊಂದ್ ಅವಕಾಶ ಕೊಡ್ರಿ ಅಂದ್ನಿ. ಇನ್ನ ಒಂದ್ ಹನಿ ನಿಮ್ಮ ಗ್ವಾಡಿಗಿ ಸಿಡೀತಂದ್ರ ಆ ಅರಿವಿ ನನ್ನ ಕೈಲೆ ನಾನ ಕಟ್ತೇನಿ. ನೀವು ಬರೂದೂ ಬ್ಯಾಡ."

ಈ ಮನೆಯ ಮೊಳೆ ಕದಲದಂತೆ ನೋಡಿಕೊಂಡವಳು ನಾನು ಅಂತ ಅವರಿಗೂ ಗೊತ್ತು. ಗಂಟಲು ಸರಿಮಾಡಿಕೊಂಡರು. "ಒಂದ ಹನಿ," ಅಂತ ಬೆರಳು ತೋರಿಸಿ ಹೋದರು.

ಅವರು ಹೋದಮೇಲೆ ಶಿವಲೀಲಾಳನ್ನು ಕೇಳಿದೆ, ಬುನಾದಿಯೂ ಬೇರೆ ಇರುವಂಥದ್ದು ಏನಾದರೂ ಇದೆಯಾ ಅಂತ. ಇದೆ, ಅದಕ್ಕೆ ವರ್ಚುವಲ್ ಮಷೀನ್ ಅನ್ನುತ್ತಾರೆ ಅಂದಳು. ಅದು ಖೋಲಿಯಲ್ಲ, ಇಡೀ ಮನೆ. ತನ್ನದೇ ಬುನಾದಿ, ತನ್ನದೇ ನಲ್ಲಿ, ತನ್ನದೇ ಛಾವಣಿ. ಅದು ಬಿದ್ದರೆ ನಮಗೆ ಸದ್ದು ಕೇಳುತ್ತದೆ, ಅಷ್ಟೇ.

"ಮತ್ತ ಮದಲ ಅದನ್ನ ಯಾಕ ಮಾಡಲಿಲ್ಲ?"

ಅವಳು ನೆಲ ನೋಡುತ್ತ ಹೇಳಿದಳು: "ಜಾಗಾ ಬೇಕರಿ ಅತ್ತೀ. ಕಂಪ್ಯೂಟರಿನ ಮೆಮೊರಿ ಅರ್ಧ ಅದಕ್ಕ ಕೊಡಬೇಕು. ಅಂದ್ರ ಮನೀನೂ ಅರ್ಧ. ನಿಮ್ಮ ಖೋಲಿ, ಪಡಸಾಲಿ, ಎಲ್ಲಾ ಆ ಮನಿ ನುಂಗತೈತಿ. ಕೇಳಾಕ ಬಾಯಿ ಬರಲಿಲ್ಲ."

ಪ್ರಭು ಬಟ್ಟೆ ಹಿಂಡುತ್ತಿದ್ದವನು ಎದ್ದುನಿಂತ. "ಅಲ್ಲಾ, ಅವ್ವ ಎಲ್ಲಿ ಮಲಗಬೇಕು?"

"ಅಡಗಿಮನ್ಯಾಗ," ಅಂದೆ. "ನನಗೇನ್ ಅದು ಹೊಸಾ ಜಾಗಾನ?"

ಹೇಳುವುದು ಸುಲಭ. ಆ ಖೋಲಿಯಲ್ಲಿ ನನ್ನ ಮಂಚವಿತ್ತು, ನಮ್ಮವ್ವ ಹೊಲಿದ ಕೌದಿಯಿತ್ತು, ಬೆಳಗಿನ ಬಿಸಿಲು ನೇರ ಕಾಲಿನ ಮೇಲೆ ಬೀಳುವ ಕಿಟಕಿಯಿತ್ತು. ಕೌದಿಯನ್ನು ಅಡುಗೆಮನೆಗೆ ತಂದೆ. ಬಿಸಿಲನ್ನು ತರುವುದಕ್ಕೆ ಆಗುತ್ತದೆಯೇ? ಶಿವಲೀಲಾ ಎಲ್ಲ ಸಿದ್ಧಮಾಡಿ ನನ್ನನ್ನು ಕರೆದಳು. "ಎಂಟರ್ ನೀವು ಒತ್ತರಿ ಅತ್ತೀ. ಜಾಗಾ ನಿಮ್ಮದು." ಕಾಲು ತೊಳೆದು ಬಂದು ಒತ್ತಿದೆ. ನನ್ನ ಖೋಲಿ, ಪಡಸಾಲೆ ಇದ್ದ ಕಡೆ ಬರೀ ಗೋಡೆ ಉಳಿಯಿತು. ಹಿತ್ತಲಿಗೆ ಓಡಿ ನೋಡಿದರೆ ನುಗ್ಗೆ ಗಿಡದ ಪಕ್ಕದಲ್ಲಿ ಒಂದು ಮನೆ ನಿಂತಿದೆ! ಹೊಸ ಸುಣ್ಣದ ವಾಸನೆ. ಬಾಗಿಲಿಗೆ ಹೊಸ್ತಿಲು ಕೂಡ ಇದೆ. ಈ ಓಣಿಯಲ್ಲಿ ಮನೆ ಕಟ್ಟಿಸಿದ ಗಂಡಸರು ಎಷ್ಟೋ ಮಂದಿ ಇದ್ದಾರೆ. ಒಂದು ಬೆರಳಿನಿಂದ ಕಟ್ಟಿದವಳು ನಾನೊಬ್ಬಳೇ.

ಹೊಸ ಮನೆಯೆಂದ ಮೇಲೆ ಹಾಲು ಉಕ್ಕಿಸದೆ ಬಿಡುವುದುಂಟೆ? "ಅತ್ತೀ, ಅದು ಬೀಳಿಸಾಕಂತ ಕಟ್ಟಿದ ಮನಿ," ಅಂತ ಶಿವಲೀಲಾ ನಕ್ಕಳು. "ಬೀಳೂದಾದ್ರ ಏನಾತು? ಮನಿ ಮನೀನ," ಅಂದೆ. ಆ ಮನೆಗೆ ಸಾಮಾನು ದಾಟಿಸಲು ನಮ್ಮ ಅಡುಗೆಮನೆಯ ಗೋಡೆಯಲ್ಲಿ ಅವಳು ಒಂದು ಸಣ್ಣ ಕಿಟಕಿ ಇಟ್ಟಿದ್ದಳು. ಮನುಷ್ಯರು ಬಾಗಿಲಿನಿಂದ ಹೋಗಿಬರಬಹುದು, ಸಾಮಾನು ದಾಟುವುದು ಆ ಕಿಟಕಿಯಿಂದ ಮಾತ್ರ, ಅದೂ ಅವಳು ತೆರೆದಾಗ. ಅಲ್ಲಿಂದ ಬೇಳೆ, ಬೆಲ್ಲ, ತುಪ್ಪ ಎಲ್ಲ ದಾಟಿಸಿ, ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಅಲ್ಲಿಯ ಒಲೆಯ ಮೇಲೆಯೇ ಹೋಳಿಗೆ ಮಾಡಿದೆ. ತಟ್ಟೆಯ ತುಂಬ ಹೋಳಿಗೆ ಬಿಸಿಬಿಸಿ ಇರುವಾಗಲೇ ಪಕ್ಕದ ಒಲೆಯ ಮೇಲೆ ಹಾಲು ಉಕ್ಕಿತು. ಅದೇ ಗಳಿಗೆಯಲ್ಲಿ ಶಿವಲೀಲಾ ಕಂಪ್ಯೂಟರಿನಲ್ಲಿ ಏನೋ ಒತ್ತಿದಳು. ಸ್ನ್ಯಾಪ್‌ಶಾಟ್ ಅಂತೆ. ಅಂದರೆ ಆ ಗಳಿಗೆಯನ್ನು ಹಿಡಿದಿಡುವುದು. ಮನೆ ಬಿದ್ದಾಗ ಮತ್ತೆ ಆ ಗಳಿಗೆಗೇ ವಾಪಸ್ ಹೋಗಬಹುದು.

ಮರುದಿನ ಒಳಗೆ ಯಾರೂ ಇಲ್ಲವೆಂದು ನೋಡಿಕೊಂಡು, ಕಿಟಕಿ ಭದ್ರ ಮುಚ್ಚಿ, ಟಾಕಿಯ ಪ್ರೋಗ್ರಾಂ ನಡೆಸಿದಳು. ಹಿತ್ತಲಿನ ಮನೆಯಲ್ಲಿ ನೀರು ಮೊಳಕಾಲಿಗೆ ಬಂತು, ಸೊಂಟಕ್ಕೆ ಬಂತು, ಛಾವಣಿ ಮುಟ್ಟಿತು, ಧಡ್ ಅಂತ ಮನೆ ಕುಸಿದುಬಿತ್ತು. ಓಣಿಯೆಲ್ಲ ಓಡಿಬಂತು. ಚೆನ್ನಮಲ್ಲಪ್ಪನವರು ಕೆಂಪು ವಸ್ತ್ರ ಕಂಕುಳಲ್ಲಿ ಇಟ್ಟುಕೊಂಡು ಮೊದಲು ತಮ್ಮ ಗೋಡೆಯ ಹತ್ತಿರ ಹೋದರು. ಅಂಗೈ ಇಟ್ಟು ನೋಡಿದರು. ಕೆಳಗೆ ಮುಟ್ಟಿದರು, ಮೇಲೆ ಮುಟ್ಟಿದರು, ಕೆನ್ನೆ ಹಚ್ಚಿಯೂ ನೋಡಿದರು. ಒಣಗಿತ್ತು. ಅಷ್ಟರಲ್ಲಿ ಶಿವಲೀಲಾ ಒಳಗಿನಿಂದ ಸ್ನ್ಯಾಪ್‌ಶಾಟ್ ವಾಪಸ್ ತಂದಳು. ಬಿದ್ದ ಮನೆ ಎದ್ದು ನಿಂತಿತು. ತೋರಣ ಹಸಿರಾಗಿತ್ತು, ಒಳಗೆ ಹಾಲು ಆಗತಾನೇ ಉಕ್ಕುತ್ತಿತ್ತು, ತಟ್ಟೆಯಲ್ಲಿ ಹೋಳಿಗೆ ಹಬೆಯಾಡುತ್ತಿತ್ತು.

ತುಪ್ಪದ ವಾಸನೆ ಹಿತ್ತಲ ತುಂಬ ಹರಡಿತು. ಚೆನ್ನಮಲ್ಲಪ್ಪನವರು ಮೂಗು ಅರಳಿಸಿದ್ದನ್ನು ನಾನು ನೋಡಿದೆ.

"ಬರ್ರಿ ಅಣ್ಣಾರ, ಹೋಳಗಿ ಉಣ್ಣ ಬರ್ರಿ," ಅಂದೆ.

"ನನಗ ಸಕ್ಕರಿ ಐತಿ ಅನ್ನೂದು ಗೊತ್ತಿಲ್ಲೇನ ನಿನಗ? ಚಾಷ್ಟಿ ಮಾಡ್ತಿಯೇನು?"

ಶಿವಲೀಲಾ ಬಾಗಿಲಿಗೆ ಬಂದಿದ್ದಳು. "ಅಲ್ಲಿ ಉಂಡದ್ದು ಹೊರಗ ಬಂದ್ರ ಮೈಯಾಗ ಉಳಿಯಂಗಿಲ್ರಿ ಕಾಕಾ," ಅಂದಳು. "ರುಚಿ ಅಷ್ಟ ನೆನಪಿರ್ತೈತಿ."

ಅವರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ಚಪ್ಪಲಿ ಬಿಟ್ಟು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಹೊಟ್ಟೆ ಹಸಿದೇ ಇತ್ತು, ಆದರೆ ಕಣ್ಣು ಒದ್ದೆಯಾಗಿತ್ತು. "ಯಾಲಕ್ಕಿ ಚಲೋ ಬಿದ್ದೈತಿ," ಅಂದರು. ಕೆಂಪು ವಸ್ತ್ರವನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರು.

ಆಮೇಲಿನ ದಿನಗಳನ್ನು ನೀವು ನೋಡಬೇಕಿತ್ತು. ಮನೆ ಬಿದ್ದರೆ ಹೋಳಿಗೆ ಅಂತ ಓಣಿಗೆಲ್ಲ ತಿಳಿದುಹೋಯಿತು. ಬೆಳಿಗ್ಗೆ ಹಲ್ಲುಜ್ಜುತ್ತಲೇ ಚೆನ್ನಮಲ್ಲಪ್ಪನವರು ಗೋಡೆಯಾಚೆಯಿಂದ ಕೇಳುತ್ತಿದ್ದರು: "ಶಿವಲೀಲಾ, ಇವತ್ತ ಬೀಳ್ತೈತೇನವಾ?" ಹೆಂಗಸರು ಸೊಪ್ಪು ಸೋಸುವ ಮೊರ ಹಿಡಿದುಕೊಂಡು ನಮ್ಮ ಹಿತ್ತಲಿಗೇ ಬಂದು ಕೂರುತ್ತಿದ್ದರು. ಒಮ್ಮೆ ನೀರು ನಿಲ್ಲದೆ ಮನೆ ಬಿತ್ತು, ಒಮ್ಮೆ ನೀರೇ ಬರದೆ ಕೊಳವೆ ಬಿರಿದು ಬಿತ್ತು, ಒಮ್ಮೆ ಯಾಕೆ ಬಿತ್ತು ಅಂತ ಶಿವಲೀಲಾಳಿಗೇ ಗೊತ್ತಾಗಲಿಲ್ಲ. ಜಗಲಿ ಬಚ್ಚಲಿಗೆ ಹೋದ ದಿನ ಬೆವರಿದ್ದ ಹುಡುಗಿ ಈಗ "ಬಿತ್ತರೀ ಅತ್ತೀ!" ಅಂತ ನಗುತ್ತ ಕೂಗುತ್ತಿದ್ದಳು. ಸೆರಗಿನೊಳಗೆ ಇದ್ದ ಕೈ ಹೊರಗೆ ಬಂದಿತ್ತು. ಒಂದೊಂದು ಸಲ ಬಿದ್ದಾಗಲೂ ಅವಳಿಗೆ ಏನೋ ಒಂದು ಹೊಸದು ತಿಳಿಯುತ್ತಿತ್ತು. ನಾನು ಅಡುಗೆಮನೆಯಲ್ಲಿ ಕೌದಿ ಹೊದ್ದು ಮಲಗುತ್ತಿದ್ದೆ, ಸೊಂಟ ಹಿಡಿಯುತ್ತಿತ್ತು, ಆದರೂ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಹೀಗಿರುವಾಗ ಒಂದು ದಿನ ಮನೆ ಬೀಳಲಿಲ್ಲ. ಅವಳು ಹೇಳಿದ ಹೊತ್ತಿಗೆ ಅಲ್ಲಿಯ ನಲ್ಲಿಯಲ್ಲಿ ನೀರು ಬಂತು, ಹೇಳಿದ ಹೊತ್ತಿಗೆ ನಿಂತಿತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ತೋರಣ ಬಾಡಿತು. ತಟ್ಟೆಯಲ್ಲಿ ಇದ್ದ ಹೋಳಿಗೆ ತಂಗಳಾಗಿ ಮುಗಿದುಹೋಯಿತು. ಚೆನ್ನಮಲ್ಲಪ್ಪನವರು ದಿನಾ ಬಂದು ಕಟ್ಟೆಯ ಮೇಲೆ ಕೂತು, ನಿಂತೇ ಇರುವ ಮನೆಯನ್ನು ನೋಡಿ ಹೋಗುತ್ತಿದ್ದರು. ಕೊನೆಗೆ ಶಿವಲೀಲಾ ಅವರ ಮುಂದೆ ಹೋಗಿ ನಿಂತಳು. "ಕಾಕಾ, ಟಾಕಿ ಕೀಲಿ ಕೊಡ್ತೀರೇನ್ರಿ?"

ಅವರು ಇಲ್ಲವೆಂದರೆ ಮುಗಿಯಿತು, ಅಷ್ಟು ಸಲ ಬಿದ್ದೆದ್ದ ಮನೆಗೆ ಅರ್ಥವಿಲ್ಲ. ಅವರು ನಿಧಾನವಾಗಿ ಎದ್ದರು. "ಬೀಳೂದನ್ನ ಇಷ್ಟು ಸಲ ನೋಡೇನಿ. ಬೀಳದ್ದನ್ನೂ ನೋಡಿದ್ನಿ," ಅಂದರು. ಆಮೇಲೆ ದನಿ ತಗ್ಗಿಸಿ, "ಹೋಳಗಿ ಮಾತ್ರ ಹೋದ್ವಲ್ಲವಾ," ಅಂದರು. ಶಿವಲೀಲಾ ಅಡುಗೆಮನೆಯ ಕಿಟಕಿ ತೆರೆದು ಪ್ರೋಗ್ರಾಂ ಇದ್ದ ಪೆನ್‌ಡ್ರೈವನ್ನು ಈಚೆಗೆ ದಾಟಿಸಿದಳು. ಅವರು ಅದನ್ನು ತಮ್ಮ ಕೆಂಪು ವಸ್ತ್ರದಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡು, ಟಾಕಿಯ ಕೀಲಿ ಸೊಂಟಕ್ಕೆ ಸಿಕ್ಕಿಸಿ ಗುಡ್ಡ ಹತ್ತಿದರು. ಹಿಂದೆ ಶಿವಲೀಲಾ, ಅವಳ ಹಿಂದೆ ಪ್ರಭು.

ಸಂಜೆ ದೀಪ ಹಚ್ಚುವ ಹೊತ್ತಿಗೆ ನೀರು ಅಂತ ಓಣಿಗೆಲ್ಲ ಸಾರಿದ್ದರು. ಎಲ್ಲ ಹೆಂಗಸರೂ ಅವರವರ ನಲ್ಲಿಯ ಮುಂದೆ ಕೂತಿದ್ದರು. ನಾನು ದೀಪ ಹಚ್ಚಿ ಬಂದು ಕೊಡ ಇಟ್ಟೆ. ನಲ್ಲಿ ಒಮ್ಮೆ ಕೆಮ್ಮಿತು, ಆಮೇಲೆ ನೀರು ಬಂತು. ಕೊಡ ತುಂಬಿ ಹರಿದರೂ ನಾನು ಎತ್ತಲಿಲ್ಲ. ಅತ್ತುಬಿಟ್ಟೆ. ತಂಗಿಯ ಮಗಳ ಮದುವೆ ನೆನಪಾಯಿತು, ನನ್ನ ಅತ್ತೆ ನೆನಪಾದರು, ಪಾಪ ಅವರೂ ಎಲ್ಲಿಗೂ ಹೋದವರಲ್ಲ. ಓಣಿಯ ಆ ತುದಿಯಿಂದ ಯಾರೋ ಕೂಗಿದರು, "ನೀಲಗಂಗವ್ವನ ಸೊಸಿ ನೀರು ತಂದಳು!" ಆ ಮಾತು ಮನೆಯಿಂದ ಮನೆಗೆ ದಾಟಿ ನನ್ನ ಬಾಗಿಲಿಗೆ ಬರುವಷ್ಟರಲ್ಲಿ ನನ್ನ ಕುತ್ತಿಗೆ ನೆಟ್ಟಗಾಗಿತ್ತು. ಇವತ್ತಿಗೂ ಹಾಗೇ ಇದೆ.

ಅದಾದಮೇಲೆ ನಾನು ತಂಗಿಯ ಊರಿಗೆ ಹೋಗಿ ಬೇಕಾದಷ್ಟು ದಿನ ಇದ್ದು ಬಂದೆ. ಬಂದ ದಿನ ಶಿವಲೀಲಾ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದಳು. "ಕೆಲಸ ಮುಗೀತಲ್ರಿ ಅತ್ತೀ. ಇನ್ನ ಆ ಮನಿ ಅಳಿಸಿಬಿಡ್ತೇನಿ. ನಿಮ್ಮ ಖೋಲಿ ನಿಮಗ ಬರ್ತೈತಿ, ಬಿಸಲೂ ಬರ್ತೈತಿ."

ಬಿಸಿಲು ಅಂದಾಗ ಮನಸ್ಸು ಆ ಕಡೆ ಹರಿದದ್ದು ನಿಜ. ಹಿತ್ತಲಿನ ಕಡೆ ನೋಡಿದೆ. ಬಾಡಿದ ತೋರಣ ಗಾಳಿಗೆ ಅಲುಗುತ್ತಿತ್ತು.

"ಬ್ಯಾಡ, ಇರಲಿ," ಅಂದೆ. "ಏಳು ಅತ್ಲಾಗ. ನನಗ ಕಲಿಸು."

ಅವಳು ಕಣ್ಣು ಅರಳಿಸಿದಳು, ಕುರ್ಚಿ ಬಿಟ್ಟುಕೊಟ್ಟಳು. ಯಾವ ಅಕ್ಷರ ಎಲ್ಲಿದೆ ಅಂತ ಹುಡುಕಿ ಹುಡುಕಿ, ಅವಳು ಹೇಳಿದ್ದನ್ನು ಒಂದೊಂದಾಗಿ ಒತ್ತಿದೆ. ಅದು ಮುಗಿದಮೇಲೆ ಅವಳು ಹೇಳದೇ ಇದ್ದದ್ದನ್ನೂ ಒಂದು ಒತ್ತಿದೆ, ಏನಾಗುತ್ತದೋ ನೋಡೋಣ ಅಂತ. ಜೀವಮಾನದಲ್ಲಿ ಹಾಗೆ ಅಂದುಕೊಂಡು ನಾನು ಏನನ್ನೂ ಮಾಡಿದವಳಲ್ಲ. ಹಿತ್ತಲಿನಲ್ಲಿ ಮೊದಲು ಕಿರ್ರ್ ಅಂತ ಸದ್ದಾಯಿತು. ಆಮೇಲೆ ಛಾವಣಿ, ಗೋಡೆ, ಹೊಸ್ತಿಲು ಎಲ್ಲ ಸೇರಿ ಧಡಾರ್ ಅಂತ ನೆಲಕ್ಕೆ ಬಿತ್ತು. ಸದ್ದು ಓಣಿಯ ತುದಿಯ ತನಕ ಹೋಯಿತು.

ಪಕ್ಕದ ಮನೆಯ ಬಾಗಿಲು ತೆರೆದುಕೊಂಡಿತು. ಚೆನ್ನಮಲ್ಲಪ್ಪನವರು ತಟ್ಟೆ ಹಿಡಿದುಕೊಂಡೇ ಹೊರಗೆ ಓಡಿಬಂದಿದ್ದರು. "ಶಿವಲೀಲಾ! ಬಿತ್ತೇನವಾ? ಮತ್ತ ಕೆಡವಿದಿಯೇನು?"

ನಾನು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಲ ಬಾಗಿಲಿಗೆ ಹೋಗಿ, ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ:

"ಆಕಿ ಅಲ್ರಿ ಅಣ್ಣಾರ! ಈ ಸಲ ಕೆಡವಿದಾಕಿ ನಾನ!"